ಮನೆ ಖಾಲಿ ಮಾಡಿ ಅಂದರೆ ಖಾಲಿ ಮಾಡಲೇಬೇಕಾ?

ಬೆಂಗಳೂರಿನಲ್ಲಿ ಬಾಡಿಗೆದಾರರನ್ನು ಖಾಲಿ ಮಾಡಿಸುವ ಕೆಲಸ ಹೆಚ್ಚಾಗಿ ಕೋರ್ಟಿನಲ್ಲಿ ನಡೆಯುವುದಿಲ್ಲ. ಮೆಟ್ಟಿಲ ಹತ್ತಿರ ನಡೆಯುತ್ತದೆ, ಇಲ್ಲವೇ ಫೋನಿನಲ್ಲಿ. "ಮಗಳ ಮದುವೆ ಗೊತ್ತಾಗಿದೆ, ಮನೆ ಬೇಕು." "ಮಗ ಅಮೆರಿಕದಿಂದ ವಾಪಸ್ ಬರ್ತಿದ್ದಾನೆ." "ರಿಪೇರಿ ಮಾಡಿಸ್ಬೇಕು." ಕೆಲವೊಮ್ಮೆ ಕಾರಣವೇ ಇರುವುದಿಲ್ಲ, "ಮುಂದಿನ ತಿಂಗಳು ಖಾಲಿ ಮಾಡ್ಬಿಡಿ" ಅಷ್ಟೇ. ಬಾಡಿಗೆದಾರ ಒಂದೆರಡು ದಿನ ಗೊಣಗುತ್ತಾನೆ, ಆಮೇಲೆ ಟು-ಲೆಟ್ ಬೋರ್ಡು ಹುಡುಕಿಕೊಂಡು ಹೊರಡುತ್ತಾನೆ. ಸ್ವಲ್ಪ ದಿನ ಕಳೆದು ನೋಡಿದರೆ ಅದೇ ಮನೆಗೆ ಐದು ಸಾವಿರ ಜಾಸ್ತಿ ಕೊಟ್ಟು ಬೇರೆಯವರು ಬಂದಿರುತ್ತಾರೆ. ಮಗ ಅಮೆರಿಕದಲ್ಲೇ ಇರುತ್ತಾನೆ.

ಈ ವ್ಯವಹಾರದಲ್ಲಿ ಎರಡು ತಪ್ಪು ನಂಬಿಕೆ ಇವೆ. "ನನ್ನ ಮನೆ, ಯಾವಾಗ ಬೇಕಾದರೂ ಬೀಗ ಹಾಕ್ತೀನಿ" ಅನ್ನುವುದು ಓನರುಗಳ ನಂಬಿಕೆ. "ಸರಿಯಾದ ಕಾರಣ ಕೊಡದೆ ನನ್ನನ್ನು ಯಾರೂ ಕದಲಿಸೋಕಾಗಲ್ಲ" ಅನ್ನುವುದು ಕೆಲವು ಬಾಡಿಗೆದಾರರ ಧೈರ್ಯ. ಎರಡೂ ಸರಿಯಲ್ಲ. ಕರ್ನಾಟಕದಲ್ಲಿ ಇವತ್ತು ಬಾಡಿಗೆಗೆ ಹೋಗುವ ಬಹುಪಾಲು ಮನೆಗಳ ಮಟ್ಟಿಗೆ ಕಾನೂನು ಹೀಗಿದೆ: ಖಾಲಿ ಮಾಡಿಸಲು ಓನರ್ ಕಾರಣ ಕೊಡಬೇಕಾಗಿಲ್ಲ, ಆದರೆ ಬಾಡಿಗೆದಾರ ಒಪ್ಪದೇ ಇದ್ದರೆ ಹೊರಗೆ ಹಾಕುವ ಅಧಿಕಾರ ಕೋರ್ಟಿಗೆ ಮಾತ್ರ ಇದೆ. ಅಂದರೆ ಬಾಡಿಗೆದಾರನಿಗೆ ಸಿಗುವ ರಕ್ಷಣೆ ಮನೆಯ ಮೇಲಿನದಲ್ಲ, ಸಮಯದ ಮೇಲಿನದು. ಇದು ಗೊತ್ತಿದ್ದವರು ಆ ಸಮಯವನ್ನು ಅಡ್ವಾನ್ಸ್ ವಾಪಸ್ ಪಡೆಯಲು, ಮಕ್ಕಳ ಪರೀಕ್ಷೆ ಮುಗಿಸಲು, ಬೇರೆ ಮನೆ ನೋಡಲು ಬಳಸಿಕೊಳ್ಳುತ್ತಾರೆ. ಗೊತ್ತಿಲ್ಲದವರು ಒಂದೋ ಹೆದರಿ ಓಡುತ್ತಾರೆ, ಇಲ್ಲವೇ ಹಠ ಹಿಡಿದು ದುಡ್ಡು ಕಳೆದುಕೊಳ್ಳುತ್ತಾರೆ.

ಬಾಡಿಗೆ ಕಾಯ್ದೆ ಇದೆ, ನಿಮಗಲ್ಲ

"ಬಾಡಿಗೆದಾರರಿಗೆ ಅಂತಲೇ ಒಂದು ಕಾಯ್ದೆ ಇದೆಯಲ್ಲ?" ಇದೆ. 1961ರ ಬಾಡಿಗೆ ನಿಯಂತ್ರಣ ಕಾಯ್ದೆಯನ್ನು ತೆಗೆದು ಅದರ ಜಾಗಕ್ಕೆ ಕರ್ನಾಟಕ ಬಾಡಿಗೆ ಕಾಯ್ದೆ, 1999 ಬಂತು. ಹೆಸರಿನಲ್ಲಿ 1999 ಇದ್ದರೂ ಜಾರಿಯಾದದ್ದು 2001ರ ಡಿಸೆಂಬರ್ 31ರಂದು. ಓದಿದರೆ ಖುಷಿಯಾಗುವಂಥ ಕಾಯ್ದೆ ಅದು. ಅದರ 27ನೇ ಸೆಕ್ಷನ್ ಪ್ರಕಾರ ಸುಮ್ನೆ ಖಾಲಿ ಮಾಡಿಸುವ ಹಾಗಿಲ್ಲ. ಬಾಡಿಗೆ ಬಾಕಿ, ಓನರನ ಲಿಖಿತ ಒಪ್ಪಿಗೆ ಇಲ್ಲದೆ ಬೇರೆಯವರಿಗೆ ಒಳಬಾಡಿಗೆ ಕೊಟ್ಟದ್ದು, ಓನರನಿಗೆ ನಿಜವಾಗಿಯೂ ಮನೆ ಬೇಕಾಗಿರುವುದು, ಕಟ್ಟಡ ಕೆಡವಿ ಕಟ್ಟಬೇಕಾಗಿರುವುದು, ಹೀಗೆ ಕಾಯ್ದೆಯೇ ಪಟ್ಟಿ ಮಾಡಿರುವ ಕಾರಣಗಳಲ್ಲಿ ಒಂದನ್ನು ಸಾಬೀತು ಮಾಡಬೇಕು. ಬಾಡಿಗೆ ಬಾಕಿ ಇದ್ದರೂ ನೋಟಿಸ್ ಬಂದ ಎರಡು ತಿಂಗಳೊಳಗೆ ಕಟ್ಟಿಬಿಟ್ಟರೆ ಬಚಾವ್.

ಆದರೆ ಈ ರಕ್ಷಣೆ ಯಾರಿಗಿಲ್ಲ ಅನ್ನುವುದನ್ನು ಕಾಯ್ದೆಯ 2ನೇ ಸೆಕ್ಷನ್ನಿನಲ್ಲೇ ಬರೆದಿಟ್ಟಿದ್ದಾರೆ. ಬೆಂಗಳೂರಿನಂಥ ದೊಡ್ಡ ಊರುಗಳಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ದಾಟಿದರೆ, ಇತರ ಕಡೆ 2,000 ದಾಟಿದರೆ, ಈ ರಕ್ಷಣೆ ಇಲ್ಲ. ಕಾಯ್ದೆ ಬಂದ ಮೇಲೆ ಕಟ್ಟಿದ ಕಟ್ಟಡಗಳಿಗೆ ಮೊದಲ ಹದಿನೈದು ವರ್ಷ ಇಲ್ಲ. 14 ಚದರ ಮೀಟರಿಗಿಂತ ದೊಡ್ಡ ಅಂಗಡಿಗೂ ಇಲ್ಲ. 2001ರಲ್ಲಿ ಮೂರೂವರೆ ಸಾವಿರಕ್ಕೆ ಮಧ್ಯಮ ವರ್ಗದ ಸಂಸಾರ ಇರುವಂಥ ಮನೆ ಸಿಗುತ್ತಿತ್ತು. ಇವತ್ತು ಆ ದುಡ್ಡಿಗೆ ಬೆಂಗಳೂರಿನ ಅಂಚಿನಲ್ಲಿ ಶೀಟ್ ಹಾಕಿದ ಒಂದು ರೂಮು ಸಿಕ್ಕರೆ ಹೆಚ್ಚು. ಬಾಡಿಗೆ ಬೆಳೆಯುತ್ತಾ ಹೋಯಿತು, ಆ ಅಂಕಿ ಅದರ ಜೊತೆ ಬೆಳೆಯಲಿಲ್ಲ. ಯಾರೂ ಕಾಯ್ದೆಯನ್ನು ರದ್ದು ಮಾಡಲಿಲ್ಲ, ಅದು ಬಾಡಿಗೆದಾರರ ಕೈಯಿಂದ ತಾನಾಗಿಯೇ ಜಾರಿಹೋಯಿತು. ಈಗ ಅದು ಮುಖ್ಯವಾಗಿ ನೆರಳಾಗಿರುವುದು ದಶಕಗಳಿಂದ ಹಳೇ ಬಾಡಿಗೆಯಲ್ಲೇ ಇರುವ ಕುಟುಂಬಗಳಿಗೆ ಮತ್ತು ಹಳೇ ಪೇಟೆಯ ಚಿಕ್ಕ ಚಿಕ್ಕ ಅಂಗಡಿಗಳಿಗೆ. ನೀವು ಹನ್ನೆರಡು ಸಾವಿರವೋ ಇಪ್ಪತ್ತೈದು ಸಾವಿರವೋ ಬಾಡಿಗೆ ಕಟ್ಟುತ್ತಿದ್ದರೆ ಆ ಪಟ್ಟಿಯನ್ನು ಮರೆತುಬಿಡಿ.

ಹಾಗಾದರೆ ನಿಮ್ಮ ಕಾನೂನು ಯಾವುದು? ಬ್ರಿಟಿಷರ ಕಾಲದ್ದು: ಸ್ವತ್ತು ವರ್ಗಾವಣೆ ಕಾಯ್ದೆ, 1882. ಅದರ 106ನೇ ಸೆಕ್ಷನ್ ಪ್ರಕಾರ ತಿಂಗಳ ಲೆಕ್ಕದ ಬಾಡಿಗೆಯನ್ನು ಯಾವ ಕಡೆಯವರಾದರೂ 15 ದಿನದ ನೋಟಿಸ್ ಕೊಟ್ಟು ಮುಗಿಸಬಹುದು. ಕಾರಣದ ಮಾತೇ ಇಲ್ಲ. ಅಗ್ರಿಮೆಂಟಿನಲ್ಲಿ ಎರಡು ತಿಂಗಳು ಅಥವಾ ಮೂರು ತಿಂಗಳ ನೋಟಿಸ್ ಅಂತ ಬರೆದಿದ್ದರೆ ಮಾತ್ರ ಅದು 15 ದಿನದ ಜಾಗದಲ್ಲಿ ಬರುತ್ತದೆ. ಹಾಗಾಗಿ ಸಹಿ ಹಾಕುವ ದಿನ ಅಗ್ರಿಮೆಂಟಿನ ಆ ಒಂದು ಸಾಲನ್ನು ನೋಡದೆ ಬಿಡಬೇಡಿ. ಬ್ರೋಕರುಗಳು ತರುವ ಅಗ್ರಿಮೆಂಟಿನಲ್ಲಿ ಬಾಡಿಗೆ, ಅಡ್ವಾನ್ಸ್, ಹೆಸರು ಬಿಟ್ಟರೆ ಉಳಿದದ್ದು ಯಾವುದೋ ಹಳೇ ಫೈಲಿನಿಂದ ಎತ್ತಿದ್ದಾಗಿರುತ್ತದೆ. ನಿಮಗೆ ಬೇಕಾದ್ದನ್ನು ಸೇರಿಸಿ ಅಂತ ಕೇಳಿದರೆ ಹೆಚ್ಚಿನ ಓನರುಗಳು ತಕರಾರು ಮಾಡುವುದಿಲ್ಲ. ಕೇಳುವವರೇ ಕಡಿಮೆ.

ನೋಟಿಸ್ ಅಂದರೆ ಬರಹದಲ್ಲಿರಬೇಕು, ಸಹಿ ಇರಬೇಕು. ಅಂಚೆಯಲ್ಲಿ ಕಳಿಸಬಹುದು, ಕೈಗೇ ಕೊಡಬಹುದು, ಮನೆಯವರ ಕೈಗೆ ಕೊಡಬಹುದು, ಅದು ಯಾವುದೂ ಆಗದಿದ್ದರೆ ಬಾಗಿಲಿಗೆ ಅಂಟಿಸಬಹುದು. ಫೋನಿನಲ್ಲಿ ಹೇಳಿದ್ದು ಈ ಸೆಕ್ಷನ್ ಹೇಳುವ ನೋಟಿಸ್ ಅಲ್ಲ. ಇನ್ನು ಪೋಸ್ಟ್‌ಮ್ಯಾನ್ ತಂದ ಕವರನ್ನು "ಬೇಡ" ಅಂತ ವಾಪಸ್ ಕಳಿಸುವುದು ಜಾಣತನ ಅಂದುಕೊಂಡವರಿದ್ದಾರೆ. ಅದರಿಂದ ಏನೂ ಪ್ರಯೋಜನವಿಲ್ಲ. ಸರಿಯಾದ ವಿಳಾಸಕ್ಕೆ ಕಳಿಸಿದ ಅಂಚೆಯನ್ನು ನೀವು ನಿರಾಕರಿಸಿದರೆ ಅದು ನಿಮಗೆ ತಲುಪಿದೆ ಅಂತಲೇ ಕೋರ್ಟು ಲೆಕ್ಕ ಹಾಕುತ್ತದೆ. ಒಳಗೆ ಏನು ಬರೆದಿದೆ ಅನ್ನುವುದು ನಿಮಗೆ ಮಾತ್ರ ಗೊತ್ತಾಗುವುದಿಲ್ಲ. ನೋಟಿಸ್ ಬಂದ ಮೇಲೂ ಓನರ್ ಬಾಡಿಗೆ ತಗೊಂಡರೆ ನೋಟಿಸ್ ಬಿದ್ದುಹೋಗುತ್ತದೆ ಅನ್ನುವ ಇನ್ನೊಂದು ನಂಬಿಕೆ ಇದೆ. ಬರೀ ಬಾಡಿಗೆ ತಗೊಂಡ ಮಾತ್ರಕ್ಕೆ ಹಾಗಾಗುವುದಿಲ್ಲ ಅಂತ ಸುಪ್ರೀಂ ಕೋರ್ಟು 2006ರಲ್ಲೇ ಹೇಳಿದೆ.

ಹನ್ನೊಂದು ತಿಂಗಳ ಕಥೆಯನ್ನೂ ಇಲ್ಲೇ ಹೇಳಿ ಮುಗಿಸುತ್ತೇನೆ. "ಹನ್ನೊಂದು ತಿಂಗಳು ದಾಟಿದರೆ ಬಾಡಿಗೆದಾರನಿಗೆ ಮನೆ ಮೇಲೆ ಹಕ್ಕು ಬಂದುಬಿಡುತ್ತೆ" ಅಂತ ಓನರುಗಳು ಗಟ್ಟಿಯಾಗಿ ನಂಬಿದ್ದಾರೆ. ಅಂಥದ್ದೇನಿಲ್ಲ. ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಬೇಕು ಅನ್ನುತ್ತದೆ ಅದೇ 1882ರ ಕಾಯ್ದೆಯ 107ನೇ ಸೆಕ್ಷನ್. ಆ ಓಡಾಟ, ಖರ್ಚು ತಪ್ಪಿಸಲು ಹನ್ನೊಂದು ತಿಂಗಳು, ಅಷ್ಟೇ. ಬಾಡಿಗೆದಾರ ಮೂವತ್ತು ವರ್ಷ ಇದ್ದರೂ ಬಾಡಿಗೆದಾರನೇ. ಅವಧಿ ಮುಗಿದ ಮೇಲೂ ಓನರ್ ಬಾಡಿಗೆ ತಗೊಂಡು ಸುಮ್ಮನಿದ್ದರೆ ಅದು ತಿಂಗಳ ಲೆಕ್ಕದ ಬಾಡಿಗೆಯಾಗಿ ಮುಂದುವರಿಯುತ್ತದೆ. ಇದರ ಇನ್ನೊಂದು ಮುಖ ಬಾಡಿಗೆದಾರರಿಗೆ ಗೊತ್ತಿರಬೇಕು. "ಮೂರು ವರ್ಷಕ್ಕೆ ಅಗ್ರಿಮೆಂಟ್ ಮಾಡ್ಕೊಂಡಿದೀನಿ, ಅಲ್ಲಿವರೆಗೂ ಚಿಂತೆಯಿಲ್ಲ" ಅಂತ ನೀವು ಅಂದುಕೊಂಡಿದ್ದು, ಆ ಕಾಗದ ನೋಂದಣಿ ಆಗಿರದಿದ್ದರೆ, ಮೂರು ವರ್ಷದ ಭರವಸೆಗೆ ಬೆಲೆಯಿಲ್ಲ. ನೀವು ತಿಂಗಳ ಲೆಕ್ಕದ ಬಾಡಿಗೆದಾರರೇ. ಅದೇ 15 ದಿನ.

ಹದಿನಾರನೇ ದಿನ ಏನಾಗುತ್ತದೆ?

ಏನೂ ಆಗುವುದಿಲ್ಲ. ನೋಟಿಸಿನ ಅವಧಿ ಮುಗಿದರೆ ಓನರನಿಗೆ ದಾವೆ ಹಾಕುವ ಹಕ್ಕು ಬರುತ್ತದೆ. ಬೀಗ ಒಡೆಯುವ, ಸಾಮಾನು ಹೊರಗಿಡುವ ಹಕ್ಕು ಬರುವುದಿಲ್ಲ.

ಸುಪ್ರೀಂ ಕೋರ್ಟು ಇದನ್ನು ಮತ್ತೆ ಮತ್ತೆ ಹೇಳಿದೆ. 1989ರ ಕೃಷ್ಣರಾಮ್ ಮಹಾಲೆ ಪ್ರಕರಣದಲ್ಲಿ ಹೇಳಿದ್ದರ ಸಾರ ಇದು: ಒಬ್ಬ ವ್ಯಕ್ತಿ ಒಂದು ಜಾಗದಲ್ಲಿ ನೆಲೆ ನಿಂತಿದ್ದರೆ, ಅಲ್ಲಿರುವ ಹಕ್ಕು ಅವನಿಗಿಲ್ಲ ಅಂತಲೇ ಇಟ್ಟುಕೊಂಡರೂ, ಕಾನೂನಿನ ದಾರಿಯಲ್ಲಿ ಬಿಟ್ಟು ಬೇರೆ ರೀತಿಯಲ್ಲಿ ಅವನನ್ನು ಹೊರಹಾಕುವಂತಿಲ್ಲ. ಕರ್ನಾಟಕದಿಂದಲೇ ಹೋದ ರಾಮೇಗೌಡ ವಿರುದ್ಧ ವರದಪ್ಪ ನಾಯ್ಡು ಪ್ರಕರಣದಲ್ಲೂ, 2003ರ ಡಿಸೆಂಬರಿನಲ್ಲಿ, ಇದೇ ಮಾತು ಬಂತು. ಅಗ್ರಿಮೆಂಟ್ ಮುಗಿದಿದೆ, ಬಾಡಿಗೆ ಬಾಕಿ ಇದೆ, ಓನರ್ ಹೇಳುವುದೆಲ್ಲ ನಿಜ ಅಂತಲೇ ಇಟ್ಟುಕೊಳ್ಳಿ. ಆಗಲೂ ಅವರು ಕೋರ್ಟಿಗೇ ಹೋಗಬೇಕು.

ಬಲವಂತವಾಗಿ ಹೊರಹಾಕಿಬಿಟ್ಟರೆ? ಕೆಲಸಕ್ಕೆ ಹೋಗಿ ಸಂಜೆ ಬಂದಾಗ ಬಾಗಿಲಿಗೆ ಹೊಸ ಬೀಗ ಬಿದ್ದಿದ್ದರೆ? ನಿರ್ದಿಷ್ಟ ಪರಿಹಾರ ಕಾಯ್ದೆ, 1963ರ 6ನೇ ಸೆಕ್ಷನ್ ಇರುವುದೇ ಇದಕ್ಕೆ. ಹೊರಹಾಕಿದ ಆರು ತಿಂಗಳೊಳಗೆ ದಾವೆ ಹಾಕಿದರೆ ಕೋರ್ಟು ಕೇಳುವ ಪ್ರಶ್ನೆ ಒಂದೇ: ನೀವು ಒಳಗಿದ್ದಿರಾ, ನಿಮ್ಮ ಒಪ್ಪಿಗೆ ಇಲ್ಲದೆ, ಕಾನೂನಿನ ಕ್ರಮ ಬಿಟ್ಟು ನಿಮ್ಮನ್ನು ಹೊರಹಾಕಲಾಯಿತಾ? ಮನೆ ಯಾರದು ಅನ್ನುವ ಚರ್ಚೆಗೇ ಅಲ್ಲಿ ಜಾಗವಿಲ್ಲ. ಗೆದ್ದರೆ ಸ್ವಾಧೀನ ವಾಪಸ್, ಅದರ ಮೇಲೆ ಅಪೀಲೂ ಇಲ್ಲ. ಇನ್ನೂ ಹೊರಹಾಕಿಲ್ಲ, ಆದರೆ ಬೆದರಿಕೆ ಶುರುವಾಗಿದೆ ಅನ್ನುವಾಗ ತಡೆಯಾಜ್ಞೆ ಕೇಳಬಹುದು. ಅಂಥ ಆದೇಶಗಳಲ್ಲಿ "ಕಾನೂನು ಕ್ರಮದ ಮೂಲಕ ಹೊರತು ಬಾಡಿಗೆದಾರನನ್ನು ಒಕ್ಕಲೆಬ್ಬಿಸಬಾರದು" ಅನ್ನುವ ಅರ್ಥದ ಸಾಲು ಇರುತ್ತದೆ. ಅದು ಓನರನ ದಾವೆಗೆ ಅಡ್ಡಿಯಲ್ಲ, ಬೀಗಕ್ಕೆ ಮಾತ್ರ ಅಡ್ಡಿ.

ಇದು ಬರೀ ಸಿವಿಲ್ ವಿಷಯವೂ ಅಲ್ಲ. ಅತಿಕ್ರಮ ಪ್ರವೇಶ ಅನ್ನುವ ಅಪರಾಧ ನಿಂತಿರುವುದು ಜಾಗ ಯಾರ ಹೆಸರಿನಲ್ಲಿದೆ ಅನ್ನುವುದರ ಮೇಲಲ್ಲ, ಯಾರ ಸ್ವಾಧೀನದಲ್ಲಿದೆ ಅನ್ನುವುದರ ಮೇಲೆ. ಭಾರತೀಯ ನ್ಯಾಯ ಸಂಹಿತೆಯ 329ನೇ ಸೆಕ್ಷನ್ನಿನಲ್ಲಿ ಈಗಲೂ ಹಾಗೇ ಇದೆ. ಬಾಡಿಗೆಗೆ ಕೊಟ್ಟ ಮನೆಗೆ ಹೆದರಿಸುವ ಉದ್ದೇಶದಿಂದ ನುಗ್ಗಿದರೆ ಸ್ವಂತ ಓನರನೇ ಅತಿಕ್ರಮ ಮಾಡಿದಂತಾಗಬಹುದು. ಠಾಣೆಗೆ ಹೋದರೆ "ಇದು ಸಿವಿಲ್ ಮ್ಯಾಟರ್, ನೀವೇ ಕೂತು ಬಗೆಹರಿಸ್ಕೊಳ್ಳಿ" ಅನ್ನುವ ಉತ್ತರ ಬರುವುದು ಮಾಮೂಲು. ಅದಕ್ಕೆ ದೂರು ಬರೆಯುವಾಗ ಬಾಡಿಗೆ ಜಗಳವನ್ನು ಮುಂದೆ ಇಡಬೇಡಿ. ಯಾವ ದಿನ, ಎಷ್ಟು ಹೊತ್ತಿಗೆ, ಯಾರು ಒಳಗೆ ಬಂದರು, ಏನೆಂದು ಬೆದರಿಸಿದರು, ಯಾವ ಸಾಮಾನು ಕಾಣಿಸುತ್ತಿಲ್ಲ ಅನ್ನುವುದನ್ನು ಬರೆಯಿರಿ. ಕೊಟ್ಟ ದೂರಿಗೆ ಸ್ವೀಕೃತಿ ಕೇಳಿ ಪಡೆಯಿರಿ. ಗಲಾಟೆ ನಡೆಯುತ್ತಿರುವಾಗಲೇ ಆದರೆ 112ಕ್ಕೆ ಫೋನ್ ಮಾಡಿ.

ಬಾಗಿಲಿಗೆ ಬೀಗ ಹಾಕುವಷ್ಟು ಒರಟುತನಕ್ಕೆ ಹೋಗುವ ಓನರುಗಳು ಕಡಿಮೆ. ಜಾಸ್ತಿ ನಡೆಯುವುದು ಮೆತ್ತಗಿನ ಕಿರುಕುಳ. ಸಂಪಿನಿಂದ ಟ್ಯಾಂಕಿಗೆ ನೀರು ಏರಿಸುವ ಮೋಟರ್ ಸ್ವಿಚ್ ಓನರ್ ಮನೆಯೊಳಗಿರುತ್ತದೆ, ಅದು ಎರಡು ದಿನ "ಕೆಟ್ಟುಹೋಗುತ್ತದೆ". ರಾತ್ರಿ ಹತ್ತಕ್ಕೆ ಗೇಟಿಗೆ ಬೀಗ. ಗಾಡಿ ನಿಲ್ಲಿಸುವ ಜಾಗದಲ್ಲಿ ಮರಳಿನ ರಾಶಿ. ಮೀಟರ್ ಬೋರ್ಡಿನ ಫ್ಯೂಸ್ ಮಾಯ. ಹಳೇ ಕಾಯ್ದೆಯಾದರೂ 1882ರದ್ದು ಇಲ್ಲಿ ಬಾಡಿಗೆದಾರನ ಪರವಾಗಿಯೇ ಇದೆ: ಬಾಡಿಗೆ ಕೊಡುವಷ್ಟು ದಿನ ಅಡ್ಡಿಯಿಲ್ಲದೆ ಮನೆ ಅನುಭವಿಸುವ ಭರವಸೆ 108ನೇ ಸೆಕ್ಷನ್ನಿನಲ್ಲಿದೆ. ಕರೆಂಟಿನ ವಿಷಯದಲ್ಲಿ ಇನ್ನೂ ಗಟ್ಟಿ ಆಧಾರವಿದೆ. 2003ರ ವಿದ್ಯುತ್ ಕಾಯ್ದೆ ಸಂಪರ್ಕ ಕೇಳುವ ಹಕ್ಕನ್ನು ಮಾಲೀಕನಿಗೆ ಮಾತ್ರವಲ್ಲ, ಅಲ್ಲಿ ವಾಸ ಇರುವವನಿಗೂ ಕೊಟ್ಟಿದೆ. ಓನರ್ ಒಪ್ಪಿಗೆ ಪತ್ರ ಕೊಟ್ಟಿಲ್ಲ ಅನ್ನುವ ಕಾರಣಕ್ಕೆ ಬಾಡಿಗೆದಾರನಿಗೆ ಕರೆಂಟು ನಿರಾಕರಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟು 2022ರ ಮೇ ತಿಂಗಳಲ್ಲಿ ಹೇಳಿತು. ಫೋಟೊ, ವಿಡಿಯೊ ತೆಗೆದಿಡಿ, ಕರೆಂಟ್ ಕಂಪನಿಗೆ ದೂರು ಕೊಟ್ಟು ನಂಬರ್ ಪಡೆಯಿರಿ. ಇವೆಲ್ಲ ಮುಂದೆ ತಡೆಯಾಜ್ಞೆ ಕೇಳುವಾಗ ಕೈಗೆ ಬರುತ್ತವೆ.

ಇನ್ನೊಂದು ಉಪಾಯ ಇದಕ್ಕಿಂತ ನಾಜೂಕಿನದು. ಓನರ್ ಬಾಡಿಗೆ ತಗೊಳ್ಳುವುದನ್ನೇ ನಿಲ್ಲಿಸುತ್ತಾರೆ. "ಇರಲಿ ಬಿಡಿ, ಆಮೇಲೆ ನೋಡೋಣ" ಅನ್ನುತ್ತಾರೆ. ಬಾಡಿಗೆದಾರನಿಗೆ ಒಳಗೊಳಗೇ ಖುಷಿ. ಮೂರು ತಿಂಗಳಾದ ಮೇಲೆ ವಕೀಲರ ನೋಟಿಸ್ ಬರುತ್ತದೆ: "ನೀವು ಬಾಡಿಗೆ ಕಟ್ಟದೆ ಬಾಕಿ ಉಳಿಸಿಕೊಂಡಿದ್ದೀರಿ." ಆದ್ದರಿಂದ ಜಗಳ ಶುರುವಾದ ತಿಂಗಳಿಂದಲೇ ನಗದು ಕೊಡುವುದು ನಿಲ್ಲಿಸಿ. ಬ್ಯಾಂಕ್ ಖಾತೆಗೆ ಅಥವಾ ಯುಪಿಐ ಮೂಲಕ ಕಳಿಸಿ, ಯಾವ ತಿಂಗಳ ಬಾಡಿಗೆ ಅಂತ ಅಲ್ಲೇ ಬರೆಯಿರಿ. ಅದನ್ನೂ ತಪ್ಪಿಸಿದರೆ ಮನಿ ಆರ್ಡರ್ ಮಾಡಿ. ಅದು ವಾಪಸ್ ಬಂದರೂ ಚಿಂತೆಯಿಲ್ಲ, ವಾಪಸ್ ಬಂದ ಆ ಚೀಟಿಯೇ ಸಾಕ್ಷಿ.

ಕೋರ್ಟಿನಲ್ಲಿ ಬಾಡಿಗೆದಾರನಿಗೆ ಸಿಗುವುದು ಏನು

ಬೆಂಗಳೂರಿನಲ್ಲಿ ಬಾಡಿಗೆ ಕಾಯ್ದೆಯ ಹೊರಗಿರುವ ಮನೆಗಳ ಇಂಥ ದಾವೆಗಳು ಲಘು ವ್ಯವಹಾರಗಳ ನ್ಯಾಯಾಲಯಕ್ಕೆ ಹೋಗುತ್ತವೆ. ಎಲ್ಲರೂ ಸ್ಮಾಲ್ ಕಾಸಸ್ ಕೋರ್ಟ್ ಅನ್ನುತ್ತಾರೆ. ಅಲ್ಲಿ ಓನರ್ ತೋರಿಸಬೇಕಾದದ್ದು ಮೂರೇ ವಿಷಯ: ನೀವು ನನ್ನ ಬಾಡಿಗೆದಾರ, ನಾನು ಸರಿಯಾಗಿ ನೋಟಿಸ್ ಕೊಟ್ಟೆ, ಅವಧಿ ಮುಗಿದರೂ ನೀವು ಬಿಟ್ಟಿಲ್ಲ. "ಅವರಿಗೆ ಇನ್ನೂ ಎರಡು ಮನೆ ಇದೆ", "ನಾನು ಒಂದು ದಿನವೂ ಬಾಡಿಗೆ ತಪ್ಪಿಸಿಲ್ಲ" ಅನ್ನುವ ವಾದಕ್ಕೆ ಇಲ್ಲಿ ಹೆಚ್ಚು ತೂಕವಿಲ್ಲ. ನೋಟಿಸಿನಲ್ಲಿ ದಿನದ ಲೆಕ್ಕ ಕಡಿಮೆ ಬಿದ್ದಿದ್ದರೆ ಕೇಸೇ ಬಿದ್ದುಹೋಗುತ್ತಿದ್ದ ಕಾಲವೊಂದಿತ್ತು. ವಕೀಲರು ಅದರ ಮೇಲೆಯೇ ವರ್ಷಗಟ್ಟಲೆ ಎಳೆಯುತ್ತಿದ್ದರು. 106ನೇ ಸೆಕ್ಷನ್ನಿಗೆ ಆಮೇಲೆ ಬಂದ ತಿದ್ದುಪಡಿ ಆ ಬಾಗಿಲನ್ನೂ ಮುಚ್ಚಿತು. ದಾವೆ ಹಾಕುವ ಹೊತ್ತಿಗೆ 15 ದಿನ ಕಳೆದಿದ್ದರೆ ಸಾಕು.

ಹಾಗಾಗಿ ಕೊನೆಗೆ ಓನರ್ ಗೆಲ್ಲುವ ಸಾಧ್ಯತೆಯೇ ಜಾಸ್ತಿ. ಆದರೆ ಆ ಕೊನೆ ಬರುವುದು ತಡವಾಗಿ. ಸಮನ್ಸ್, ಜವಾಬು, ಸಾಕ್ಷಿ, ವಾದ, ತೀರ್ಪು, ಆಮೇಲೆ ಹೈಕೋರ್ಟಿನಲ್ಲಿ ರಿವಿಷನ್, ಅಂದರೆ ಆ ತೀರ್ಪಿನ ಮರುಪರಿಶೀಲನೆ. ಅದಾದ ಮೇಲೂ ಬಿಡದಿದ್ದರೆ ತೀರ್ಪಿನ ಜಾರಿಗೆ ಬೇರೆ ಅರ್ಜಿ, ಕೊನೆಗೆ ಕೋರ್ಟಿನ ಅಮೀನ ವಾರಂಟ್ ಹಿಡಿದು ಮನೆ ಬಾಗಿಲಿಗೆ ಬರಬೇಕು. ತಿಂಗಳುಗಳಲ್ಲ, ವರ್ಷಗಳ ಮಾತು. ಓನರುಗಳಿಗೆ ಇದು ಚೆನ್ನಾಗಿ ಗೊತ್ತು, ಕೋರ್ಟಿನ ಹೆಸರೆತ್ತಿದರೆ ಅವರಿಗೂ ಎದೆ ಧಸಕ್ಕೆನ್ನುತ್ತದೆ. ನಿವೃತ್ತಿಯ ದುಡ್ಡೆಲ್ಲ ಸುರಿದು ಮೇಲೊಂದು ಮಹಡಿ ಕಟ್ಟಿಸಿ, ಆ ಬಾಡಿಗೆಯಲ್ಲೇ ಔಷಧಿ ತಗೊಳ್ಳುವ ವಯಸ್ಸಾದ ದಂಪತಿಯೂ ಓನರುಗಳೇ. ಅವರ ಮನೆಯಲ್ಲಿ ಬಾಡಿಗೆಯೂ ಕೊಡದೆ ಕೋರ್ಟು ಅಂತ ಹೆದರಿಸುತ್ತಾ ಕೂತವರನ್ನು ನಾನು ಬಾಡಿಗೆದಾರರ ಹಕ್ಕಿನ ಹೋರಾಟಗಾರರು ಅಂತ ಕರೆಯಲಾರೆ.

ಎಳೆಯುವುದಕ್ಕೆ ಬೆಲೆಯೂ ಇದೆ. ನೋಟಿಸ್ ಅವಧಿ ಮುಗಿದ ದಿನದಿಂದ ನೀವು ಕಟ್ಟಬೇಕಾದದ್ದು ಹಳೇ ಬಾಡಿಗೆಯೇ ಆಗಿರಬೇಕಿಲ್ಲ. ಆ ಮನೆಗೆ ಮಾರುಕಟ್ಟೆಯಲ್ಲಿ ಎಷ್ಟು ಬರುತ್ತಿತ್ತೋ ಅಷ್ಟನ್ನು ನಷ್ಟ ಪರಿಹಾರವಾಗಿ ಓನರ್ ಕೇಳಬಹುದು. ತೀರ್ಪಿಗೆ ತಡೆ ಬೇಕಿದ್ದರೆ ಮಾರುಕಟ್ಟೆ ದರದ ಮೊತ್ತ ಕಟ್ಟುವ ಷರತ್ತು ಹಾಕಬಹುದು ಅಂತ ಸುಪ್ರೀಂ ಕೋರ್ಟು 2004ರ ಆತ್ಮಾರಾಮ್ ಪ್ರಾಪರ್ಟೀಸ್ ಪ್ರಕರಣದಲ್ಲಿ ಹೇಳಿದೆ. ಲೆಕ್ಕ ಹಾಕಿ ನೋಡಿ. ನೀವು 18,000 ಕೊಡುತ್ತಿದ್ದೀರಿ, ಅಕ್ಕಪಕ್ಕದಲ್ಲಿ ಅಂಥದ್ದೇ ಮನೆಗೆ 26,000 ಇದೆ. ಎರಡು ವರ್ಷ ಕೇಸು ನಡೆದು ಸೋತರೆ ವ್ಯತ್ಯಾಸವೇ 1,92,000 ರೂಪಾಯಿ. ವಕೀಲರ ಫೀಸು ಬೇರೆ.

ಆದ್ದರಿಂದಲೇ ಈ ಕೇಸುಗಳಲ್ಲಿ ಬುದ್ಧಿವಂತರು ಮಾಡುವುದು ರಾಜಿ. ಆರು ತಿಂಗಳೋ ಹತ್ತು ತಿಂಗಳೋ ಗಡುವು ಹಾಕಿಕೊಂಡು, ಆ ದಿನ ಬೀಗದ ಕೈ ಕೊಡುತ್ತೇನೆ ಅಂತ ಬಾಡಿಗೆದಾರ ಬರೆದುಕೊಡುತ್ತಾನೆ. ಅದೇ ದಿನ ಅಡ್ವಾನ್ಸ್ ಪೂರ್ತಿ ಕೊಡುತ್ತೇನೆ ಅಂತ ಓನರ್ ಬರೆದುಕೊಡುತ್ತಾರೆ. ಇಬ್ಬರ ಮಾತೂ ಕೋರ್ಟಿನ ಕಾಗದದ ಮೇಲೆ ಇರುತ್ತದೆ.

ಅಡ್ವಾನ್ಸ್ ಅನ್ನುವ ಹಗ್ಗ

ನನ್ನ ಪ್ರಕಾರ ಬೆಂಗಳೂರಿನಲ್ಲಿ ಜನರನ್ನು ಖಾಲಿ ಮಾಡಿಸುತ್ತಿರುವುದು ಕಾನೂನೂ ಅಲ್ಲ, ಗೂಂಡಾಗಳೂ ಅಲ್ಲ. ಅಡ್ವಾನ್ಸ್. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡ ಇಡಿಸಿಕೊಳ್ಳುವ ಪದ್ಧತಿ ಈ ಊರಿನಲ್ಲಿ ಬಹಳ ಕಾಲ ಇತ್ತು. ಈಗ ಐದಾರು ತಿಂಗಳಿಗೆ ಇಳಿದಿರುವ ಕಡೆಗಳಿವೆ. ಎರಡು ಲಕ್ಷ ಇನ್ನೊಬ್ಬರ ಕೈಯಲ್ಲಿರುವಾಗ "ಕಾನೂನು ಪ್ರಕಾರ ನೋಟಿಸ್ ಕೊಡಿ" ಅಂತ ಹೇಳಲು ಎಷ್ಟು ಜನಕ್ಕೆ ಬಾಯಿ ಬರುತ್ತದೆ? ಜಗಳ ಆಡಿದರೆ ದುಡ್ಡು ಸಿಗುವುದಿಲ್ಲ ಅನ್ನುವ ಹೆದರಿಕೆಗೇ ಎಷ್ಟೋ ಜನ ಎದುರು ಮಾತಾಡದೆ ಎದ್ದು ಹೋಗುತ್ತಾರೆ. ಹೊಸ ಮನೆಗೆ ಕಟ್ಟಬೇಕಾದ ಅಡ್ವಾನ್ಸೂ ಅದೇ ದುಡ್ಡಿನಿಂದಲೇ ಹೋಗಬೇಕಲ್ವಾ.

ಹೋಗುವಾಗಿನ ಲೆಕ್ಕ ಎಲ್ಲರಿಗೂ ಗೊತ್ತಿರುವಂಥದ್ದೇ. ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಮುರಿ. ಕ್ಲೀನಿಂಗಿಗೆ ಇಷ್ಟು. ನಲ್ಲಿ, ಗೀಸರ್, ಗೋಡೆಯ ಮೊಳೆ. ಪೇಂಟಿಂಗ್ ದುಡ್ಡು ಮುರಿಯುವುದು ಕಾನೂನು ಅಂತ ಬಾಡಿಗೆದಾರರೂ ನಂಬಿಬಿಟ್ಟಿದ್ದಾರೆ. ಅದು ಅಗ್ರಿಮೆಂಟಿನಲ್ಲಿದ್ದರೆ ಮಾತ್ರ ಕೊಡಬೇಕು. ಅಗ್ರಿಮೆಂಟಿನಲ್ಲಿ ಇಲ್ಲದಿದ್ದರೆ 1882ರ ಕಾಯ್ದೆಯ 108ನೇ ಸೆಕ್ಷನ್ ನೋಡಿ: ಬಾಡಿಗೆದಾರ ಮನೆಯನ್ನು ಪಡೆದಾಗಿನ ಸ್ಥಿತಿಯಲ್ಲಿ ವಾಪಸ್ ಕೊಡಬೇಕು, ಆದರೆ ಸಾಮಾನ್ಯ ಬಳಕೆಯಿಂದ ಆಗುವ ಸವೆತಕ್ಕೆ ಅವನು ಹೊಣೆಯಲ್ಲ. ಮೂರು ವರ್ಷ ಸಂಸಾರ ಮಾಡಿದ ಮನೆಯ ಗೋಡೆ ಮಾಸದೇ ಇರುತ್ತದೆಯೇ? ಒಡೆದ ವಾಷ್ ಬೇಸಿನ್ನಿಗೆ ದುಡ್ಡು ಕೇಳುವುದು ನ್ಯಾಯ, ಮಾಸಿದ ಸುಣ್ಣಕ್ಕೆ ಕೇಳುವುದು ನ್ಯಾಯವಲ್ಲ. ಇದನ್ನು ಸಾಬೀತು ಮಾಡುವ ಸುಲಭ ದಾರಿ ಮನೆ ಸೇರಿದ ದಿನ ಖಾಲಿ ಮನೆಯ ವಿಡಿಯೊ ತೆಗೆದು ಓನರಿಗೆ ವಾಟ್ಸಾಪ್ ಮಾಡಿಬಿಡುವುದು.

ಕೊನೆಯ ತಿಂಗಳುಗಳ ಬಾಡಿಗೆಯನ್ನು ಅಡ್ವಾನ್ಸಿನಲ್ಲೇ ವಜಾ ಹಾಕಿಕೊಳ್ಳಿ ಅಂತ ಹೇಳಿ ಬಾಡಿಗೆ ನಿಲ್ಲಿಸುವವರಿದ್ದಾರೆ. ನೋಟಿಸ್ ಅವಧಿಯಲ್ಲಿ ಇದು ಬಾಡಿಗೆದಾರನ ಕೈಯಲ್ಲಿರುವ ಒಂದೇ ಹಿಡಿತ, ಅದು ನನಗೆ ಅರ್ಥವಾಗುತ್ತದೆ. ಆದರೆ ಅಗ್ರಿಮೆಂಟಿನಲ್ಲಿ ಅವಕಾಶ ಇಲ್ಲದಿದ್ದರೆ ಅಥವಾ ಓನರ್ ಬರಹದಲ್ಲಿ ಒಪ್ಪದಿದ್ದರೆ ಅದು ಬಾಡಿಗೆ ಬಾಕಿ ಅಂತಲೇ ಆಗುತ್ತದೆ. ಒಂದು ಮೆಸೇಜಿನಲ್ಲಾದರೂ "ಸರಿ" ಅನ್ನಿಸಿಕೊಳ್ಳಿ. ಬೀಗದ ಕೈ ಕೊಡುವುದು, ಅಡ್ವಾನ್ಸ್ ಪಡೆಯುವುದು ಒಂದೇ ದಿನ, ಒಂದೇ ಹೊತ್ತಿಗೆ ಆಗುವಂತೆ ನೋಡಿಕೊಳ್ಳಿ. ಬೀಗದ ಕೈ ತಗೊಂಡು, ದುಡ್ಡಿಗೆ ಮೂರು ವಾರ ಬಿಟ್ಟು ಬನ್ನಿ ಅಂದ ಓನರುಗಳು ಮೂರು ತಿಂಗಳು ಓಡಾಡಿಸಿದ ಕಥೆಗಳು ಪ್ರತಿ ಬೀದಿಯಲ್ಲೂ ಸಿಗುತ್ತವೆ.

ಭೋಗ್ಯಕ್ಕೆ ಹಾಕಿಕೊಂಡವರ ಪಾಡು

ಬಾಡಿಗೆದಾರರಲ್ಲಿ ನಿಜವಾಗಿ ಬೀದಿಗೆ ಬೀಳುವವರು ಇವರು. ಹತ್ತೋ ಹದಿನೈದೋ ಲಕ್ಷ ಒಟ್ಟಿಗೆ ಕೊಟ್ಟು, ಬಾಡಿಗೆಯಿಲ್ಲದೆ ಎರಡು ಮೂರು ವರ್ಷ ಇದ್ದು, ಹೋಗುವಾಗ ಪೂರ್ತಿ ದುಡ್ಡು ವಾಪಸ್ ತಗೊಳ್ಳುವ ವ್ಯವಸ್ಥೆ. ಊರಿನ ಸೈಟು ಮಾರಿ, ಒಡವೆ ಅಡವಿಟ್ಟು ಈ ದುಡ್ಡು ಹೊಂದಿಸಿರುತ್ತಾರೆ. ಕಾನೂನಿನ ಕಣ್ಣಲ್ಲಿ ಸರಿಯಾದ ಭೋಗ್ಯ ಅಂದರೆ ಅಡಮಾನ. ನೋಂದಣಿ ಆಗಿದ್ದರೆ ಅದಕ್ಕೆ ಭಾರೀ ಬಲ: ದುಡ್ಡು ಕೈಗೆ ಬರುವವರೆಗೂ ಮನೆ ಬಿಡಬೇಕಾಗಿಲ್ಲ, ಮನೆಯೇ ನಿಮ್ಮ ದುಡ್ಡಿಗೆ ಜಾಮೀನು. ಆದರೆ ಬಹಳಷ್ಟು ಜನರ ಕೈಯಲ್ಲಿರುವುದು ಇ-ಸ್ಟಾಂಪ್ ಕಾಗದದ ಮೇಲೆ ಟೈಪ್ ಮಾಡಿಸಿದ, ನೋಂದಣಿಯಾಗದ "ಲೀಸ್ ಅಗ್ರಿಮೆಂಟ್". ಅದರಿಂದ ದುಡ್ಡು ಕೊಟ್ಟದ್ದಕ್ಕೆ ಸಾಕ್ಷಿ ಸಿಗಬಹುದು, ಮನೆಯ ಮೇಲೆ ಹಿಡಿತ ಸಿಗುವುದಿಲ್ಲ.

ಪೆಟ್ಟು ಬೀಳುವುದು ಹೀಗೆ. ಓನರ್ ಆ ಫ್ಲ್ಯಾಟಿನ ಮೇಲೆ ಮೊದಲೇ ಬ್ಯಾಂಕ್ ಸಾಲ ಮಾಡಿರುತ್ತಾರೆ. ಕಂತು ನಿಲ್ಲುತ್ತದೆ. ಒಂದು ದಿನ ಬಾಗಿಲ ಮೇಲೆ ಬ್ಯಾಂಕಿನ ನೋಟಿಸ್ ಅಂಟಿರುತ್ತದೆ, ಅದರಲ್ಲಿ ಬರೆದಿರುವ ಹೆಸರು ನಿಮ್ಮದಲ್ಲ. ಬ್ಯಾಂಕುಗಳ ಸಾಲ ವಸೂಲಿಗೆ ಅಂತಲೇ ಇರುವ ಸರ್ಫೇಸಿ ಕಾಯ್ದೆ, 2002ರ ಅಡಿಯಲ್ಲಿ ಬ್ಯಾಂಕು ಮ್ಯಾಜಿಸ್ಟ್ರೇಟರ ನೆರವು ಪಡೆದು ಮನೆಯನ್ನು ವಶಕ್ಕೆ ತಗೊಳ್ಳಬಹುದು. 2016ರಲ್ಲಿ ಈ ಕಾಯ್ದೆಗೆ ಒಂದು ತಿದ್ದುಪಡಿ ಬಂತು, ಬಾಡಿಗೆದಾರರೂ ಸಾಲ ವಸೂಲಾತಿ ನ್ಯಾಯಮಂಡಳಿಯ ಮುಂದೆ ಹಕ್ಕು ಹೇಳಿಕೊಳ್ಳಲು ದಾರಿಯಾಯಿತು. ಅದಕ್ಕೆ 45 ದಿನದ ಗಡುವಿದೆ. ಆದರೆ ನಿಮ್ಮ ಕರಾರು ಸಾಲಕ್ಕಿಂತ ಮೊದಲಿನದಾ, ನೋಂದಣಿ ಆಗಿದೆಯಾ ಅನ್ನುವ ಎರಡು ಪ್ರಶ್ನೆಯಲ್ಲೇ ಬಹಳ ಜನ ಸೋಲುತ್ತಾರೆ. ನೋಂದಣಿಯಿಲ್ಲದ ಕರಾರನ್ನು ನಂಬಿ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಇರುವ ಹಕ್ಕು ಕೇಳುವಂತಿಲ್ಲ ಅಂತ 2019ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಓನರ್ ಮೇಲೆ ದುಡ್ಡಿಗಾಗಿ ದಾವೆ ಹಾಕಬಹುದು, ಮೋಸ ಮಾಡಿದ್ದರೆ ಕ್ರಿಮಿನಲ್ ದೂರೂ ಕೊಡಬಹುದು. ಬ್ಯಾಂಕಿಗೇ ಕಂತು ಕಟ್ಟಲಾಗದವರಿಂದ ವಸೂಲಿ ಮಾಡುವುದು ಎಷ್ಟು ಕಷ್ಟ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಲಕ್ಷಗಟ್ಟಲೆ ಕೊಡುವ ಮುಂಚೆ ಆ ಸ್ವತ್ತಿನ ಋಣಭಾರ ಪತ್ರ ತೆಗೆಸಿ ನೋಡಿ, ಎಲ್ಲರೂ ಇಸಿ ಅನ್ನುವುದು ಅದನ್ನೇ. ಹಕ್ಕುಪತ್ರ ಒತ್ತೆಯಿಟ್ಟು ಮಾಡಿದ ಸಾಲ ಎಲ್ಲ ಸಲವೂ ಇಸಿಯಲ್ಲಿ ಕಾಣಿಸುವುದಿಲ್ಲ. ಅದಕ್ಕೆ ಸೆರ್ಸಾಯ್ ಅನ್ನುವ ಕೇಂದ್ರ ನೋಂದಣಿಯ ಜಾಲತಾಣದಲ್ಲೂ ಸಣ್ಣ ಶುಲ್ಕ ಕಟ್ಟಿ ಹುಡುಕಬಹುದು. ಮೂಲ ಪತ್ರ ತೋರಿಸಿ ಅಂತ ಓನರನ್ನೇ ಕೇಳಿ. ಜೆರಾಕ್ಸ್ ಮಾತ್ರ ತೋರಿಸಿದರೆ ಮೂಲ ಎಲ್ಲಿದೆ ಅಂತ ಊಹಿಸುವುದು ಕಷ್ಟವಲ್ಲ. ಓನರಿಗೂ ನಿಮಗೂ ನಡುವೆ ಒಂದು ಕಂಪನಿ ಇದ್ದು, ದುಡ್ಡು ಆ ಕಂಪನಿಗೆ ಹೋಗುತ್ತಿದ್ದರೆ ಇನ್ನೂ ಎಚ್ಚರ ಬೇಕು. ಓನರಿಗೆ ತಿಂಗಳ ಬಾಡಿಗೆ ಕೊಡುತ್ತೇವೆ ಅಂತ ಹೇಳಿ, ನಿಮ್ಮಿಂದ ಲೀಸ್ ದುಡ್ಡು ತಗೊಂಡು ಕಂಪನಿ ಕೈಯೆತ್ತಿದರೆ, ಬಾಡಿಗೆ ಬಂದಿಲ್ಲ ಅಂತ ಓನರ್ ನಿಮ್ಮ ಬಾಗಿಲಿಗೇ ಬರುತ್ತಾರೆ.

ಮನೆ ಮಾರಾಟವಾದರೆ ಏನು ಅಂತ ಕೇಳುವವರಿಗೆ ಒಂದು ಮಾತು: ಮಾರಾಟದಿಂದ ಬಾಡಿಗೆ ಮುರಿಯುವುದಿಲ್ಲ. ಕೊಂಡವರು ಹಳೇ ಓನರನ ಜಾಗದಲ್ಲಿ ನಿಲ್ಲುತ್ತಾರೆ, ಅವರೂ ನೋಟಿಸ್ ಕೊಟ್ಟು ಕೋರ್ಟಿನ ಮೂಲಕವೇ ಬರಬೇಕು. ಅಡ್ವಾನ್ಸ್ ಯಾರು ಕೊಡುತ್ತಾರೆ ಅನ್ನುವುದನ್ನು ಮಾರಾಟದ ಸಮಯದಲ್ಲೇ ಇಬ್ಬರಿಂದಲೂ ಬರೆಸಿಕೊಳ್ಳಿ. ಪಿಜಿಯಲ್ಲಿ ಇರುವವರ ಸ್ಥಿತಿ ಇವರೆಲ್ಲರಿಗಿಂತ ದುರ್ಬಲ. ಅವರಿಗೆ ಸಾಮಾನ್ಯವಾಗಿ ಇರುವುದು ಉಳಿದುಕೊಳ್ಳುವ ಅನುಮತಿ, ಬಾಡಿಗೆ ಹಕ್ಕಲ್ಲ.

ಹೊಸ ಕಾನೂನು ಬಂದರೆ?

ಕೇಂದ್ರ ಸಂಪುಟ 2021ರ ಜೂನ್ 2ರಂದು ಮಾದರಿ ಬಾಡಿಗೆ ಕಾಯ್ದೆಯನ್ನು ಒಪ್ಪಿತು. ಹೆಸರೇ ಹೇಳುವಂತೆ ಅದು ಮಾದರಿ, ರಾಜ್ಯಗಳು ತಮ್ಮದಾಗಿಸಿಕೊಂಡರೆ ಮಾತ್ರ ಜಾರಿ. ಅದರಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ತಗೊಳ್ಳುವಂತಿಲ್ಲ. ನೀರು, ಕರೆಂಟು ನಿಲ್ಲಿಸುವಂತಿಲ್ಲ. ಬಾಡಿಗೆ ವಿಷಯಕ್ಕೆ ಪ್ರತ್ಯೇಕ ಪ್ರಾಧಿಕಾರ, ಪ್ರತ್ಯೇಕ ಕೋರ್ಟು. ಜೊತೆಗೆ ಓನರುಗಳ ಹೆದರಿಕೆಗೂ ಉತ್ತರವಿದೆ: ಅವಧಿ ಮುಗಿದರೂ ಬಿಡದ ಬಾಡಿಗೆದಾರ ಮೊದಲ ಎರಡು ತಿಂಗಳು ದುಪ್ಪಟ್ಟು, ಆಮೇಲೆ ನಾಲ್ಕು ಪಟ್ಟು ಬಾಡಿಗೆ ಕಟ್ಟಬೇಕು. ಬಾಡಿಗೆದಾರರ ಪರ ಮಾತಾಡುವವರು ಇದರ ಮೊದಲ ಅರ್ಧವನ್ನು ಮಾತ್ರ ಹೇಳುತ್ತಾರೆ. ನನಗಂತೂ ಎರಡನ್ನೂ ಒಟ್ಟಿಗೆ ಒಪ್ಪಿಕೊಳ್ಳುವುದೇ ವಾಸಿ ಅನ್ನಿಸುತ್ತದೆ. ಅಡ್ವಾನ್ಸ್ ಎರಡೇ ತಿಂಗಳಿಗೆ ಇಳಿದರೆ ಬಾಡಿಗೆದಾರನಿಗೆ ಹೆದರಿಕೆ ಕಡಿಮೆ, ತೀರ್ಮಾನ ಬೇಗ ಬಂದರೆ ಓನರಿಗೆ ಬೀಗ ಹಾಕುವ ಚಪಲ ಕಡಿಮೆ. ಒಂದನ್ನು ಬಿಟ್ಟು ಇನ್ನೊಂದನ್ನು ತಂದರೆ ಕೆಲಸ ಆಗುವುದಿಲ್ಲ.

ಈಗಂತೂ ನೋಟಿಸ್ ಬಂದಿದೆ, ವಕೀಲರಿಗೆ ಕೊಡಲು ದುಡ್ಡಿಲ್ಲ ಅನ್ನುವವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಬಹುದು. ಕೋರ್ಟಿನ ಆವರಣದಲ್ಲೇ ಅದರ ಕಚೇರಿ ಇರುತ್ತದೆ, ಸಹಾಯವಾಣಿ 15100. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು ಆದಾಯ ಎಷ್ಟೇ ಇರಲಿ ಉಚಿತ ವಕೀಲರನ್ನು ಕೇಳಬಹುದು, ಉಳಿದವರಿಗೆ ಆದಾಯ ಮಿತಿ ಇದೆ. ಬಾಡಿಗೆ ಅಗ್ರಿಮೆಂಟ್ ಗಂಡನ ಹೆಸರಿನಲ್ಲಿದ್ದು, ಹೊರಗೆ ಹಾಕುವ ಬೆದರಿಕೆ ಬರುವುದು ಹೆಂಡತಿ ಮಕ್ಕಳು ಮಾತ್ರ ಮನೆಯಲ್ಲಿರುವಾಗ ಆದರೆ ಅದನ್ನೂ ಅಲ್ಲಿ ಹೇಳಿ. ದಾವೆ ಹಾಕುವುದಕ್ಕೂ ಮುಂಚೆಯೇ ಇಬ್ಬರನ್ನೂ ಕರೆಸಿ ಲೋಕ ಅದಾಲತ್ತಿನಲ್ಲಿ ಕೂರಿಸುವ ವ್ಯವಸ್ಥೆಯೂ ಅಲ್ಲಿದೆ. ಹೋಗುವಾಗ ಅಗ್ರಿಮೆಂಟಿನ ಪ್ರತಿ, ಬಾಡಿಗೆ ಕಟ್ಟಿದ ಬ್ಯಾಂಕ್ ವಿವರ, ಓನರ್ ಕಳಿಸಿದ ನೋಟಿಸ್ ಮತ್ತು ಅದು ಬಂದ ಕವರ್ ಜೊತೆಗಿರಲಿ. ಕವರನ್ನು ಎಸೆಯಬೇಡಿ, ಯಾವ ದಿನ ನಿಮ್ಮ ಕೈಗೆ ಬಂತು ಅನ್ನುವ ಲೆಕ್ಕ ಶುರುವಾಗುವುದು ಅದರ ಮೇಲಿನ ಅಂಚೆ ಮುದ್ರೆಯಿಂದ.